ಬುಕ್ ಮಾಡುವ ಮೊದಲು ಮನೆ ನೋಡಬಹುದಾ? ಹೋಂಸ್ಟೇ ಮತ್ತು ದಿನಬಾಡಿಗೆ ಮನೆ ನಡೆಸುವವರಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಕಲೇಶಪುರದ ಕಡೆ ನಮ್ಮದೊಂದು ತೋಟದ ಮನೆ ಇದೆ. ಮೈಸೂರಿನಲ್ಲಿ ಮಹಡಿ ಮೇಲೆ ಎರಡು ಬೆಡ್‌ರೂಮಿನ ಮನೆ ಇದೆ. ಎರಡನ್ನೂ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತೇವೆ. ಹೊಸದಾಗಿ ಈ ಕೆಲಸಕ್ಕೆ ಇಳಿದವರು ಫೋನ್ ಮಾಡಿದಾಗ, ವಾಟ್ಸ್‌ಆ್ಯಪ್‌ನಲ್ಲಿ ಬರೆದಾಗ, ಮದುವೆ ಮನೆಯಲ್ಲಿ ಸಿಕ್ಕಾಗ ಮಾತು ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ. ದುಡ್ಡು ಕೊಡುವ ಮೊದಲು ಗೆಸ್ಟ್ ಮನೆ ನೋಡಬೇಕು ಅಂತಾರೆ, ತೋರಿಸಬೇಕಾ ಬೇಡ್ವಾ? ಅಂಥ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಒಂದೆರಡು ಗೆಸ್ಟ್‌ಗಳೇ ಕೇಳಿದ್ದು. ಮೊದಲು ಸುಲಭದವು, ಆಮೇಲೆ ತಲೆನೋವಿನವು.

## ಶುರುವಿಗೆ

"ಒಂದ್ಸಲ ಬಂದು ನೋಡ್ಕೊಂಡು ಹೋಗ್ಲಾ ಅಂತಾರೆ. ಹೂಂ ಅನ್ಲಾ, ಬೇಡ ಅನ್ಲಾ?"

ಒಂದೆರಡು ರಾತ್ರಿಗೆ ಬರುವವರಾದರೆ ಬೇಡ ಅನ್ನಿ. ವಾರಕ್ಕಿಂತ ಜಾಸ್ತಿ ಇರುವವರು, ಇಡೀ ಮನೆ ಹಿಡಿಯುವ ದೊಡ್ಡ ಗುಂಪಿನವರು, ಓಡಾಡಲು ಕಷ್ಟ ಇರುವ ಹಿರಿಯರನ್ನು ಕರೆದುಕೊಂಡು ಬರುವವರು ಕೇಳಿದರೆ ತೋರಿಸಿ. ನಮ್ಮಲ್ಲಿ ನಡೆಯುವುದು ಹೀಗೆ.

ಎರಡು ರಾತ್ರಿಯ ಬಾಡಿಗೆಗೆ ಅರ್ಧ ದಿನ ಕಾದು ಕೂತರೆ ಗಿಟ್ಟುವುದಿಲ್ಲ. ಅದೂ ಅಲ್ಲದೆ, ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿಲೋಮೀಟರ್. ಬರೀ ನೋಡುವುದಕ್ಕೆ ಅಂತ ಅಷ್ಟು ದೂರ ಯಾರೂ ಬರುವುದಿಲ್ಲ. ಕೇಳುವವರು ಹೆಚ್ಚಾಗಿ ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೋಗುವ ದಾರಿಯಲ್ಲಿ ಇರುತ್ತಾರೆ. ಅವರಿಗೆ ಬೇಕಾಗಿರುವುದು ಅರ್ಧ ಗಂಟೆಯ ಬ್ರೇಕ್, ಜೊತೆಗೆ ಬಾತ್‌ರೂಮು. ತಪ್ಪೇನಿಲ್ಲ, ಆದರೆ ಅದನ್ನು ಬುಕಿಂಗ್ ಅಂತ ಲೆಕ್ಕ ಹಾಕಬೇಡಿ.

"ಲಾಡ್ಜ್‌ನಲ್ಲಿ ರೂಮ್ ತೋರಿಸಿಯೇ ದುಡ್ಡು ತಗೋತಾರೆ. ನೀವ್ಯಾಕೆ ತೋರಿಸಲ್ಲ?"

ಇದು ಗೆಸ್ಟ್‌ಗಳ ಪ್ರಶ್ನೆ. ನ್ಯಾಯವಾದದ್ದೇ. ಲಾಡ್ಜ್‌ನಲ್ಲಿ ಕೌಂಟರಿನ ಹಿಂದೆ ಯಾವಾಗಲೂ ಒಬ್ಬರು ಇರುತ್ತಾರೆ. ರೂಮ್‌ಬಾಯ್ ಬೀಗದ ಕೈ ಹಿಡಿದು ಮೇಲೆ ಕರೆದುಕೊಂಡು ಹೋಗುತ್ತಾನೆ. 204 ಇಷ್ಟವಾಗದಿದ್ದರೆ 207 ತೋರಿಸುತ್ತಾನೆ. ಹೋಂಸ್ಟೇಯಲ್ಲಿ ಇರುವುದೇ ನಾಲ್ಕು ರೂಮು. ಕೆಲವು ಕಡೆ ಒಂದೇ ಮನೆ. ಶನಿವಾರ ನೀವು ಬಂದಾಗ ಅದರೊಳಗೆ ಬೇರೆಯವರ ಸಂಸಾರ ಇರುತ್ತದೆ. ನಿಮಗೆ ತೋರಿಸಬೇಕಾದರೆ ಅವರ ಬಾಗಿಲು ತಟ್ಟಬೇಕು.

ಮನೆಯವರು ಅಲ್ಲೇ ವಾಸ ಇರುವ ಹೋಂಸ್ಟೇ ಆದರೆ ಇನ್ನೊಂದು ತೊಡಕು. ಅಲ್ಲಿ ಅಜ್ಜಿ ಮಲಗಿರುತ್ತಾರೆ, ಮಕ್ಕಳಿಗೆ ಪರೀಕ್ಷೆ ಇರುತ್ತದೆ. ಹೇಳದೆ ಕೇಳದೆ ಬಂದವರಿಗೆ ಇಡೀ ಮನೆ ಸುತ್ತಿಸುವುದು ಆಗದ ಮಾತು.

"ನಲವತ್ತು ಫೋಟೋ ಹಾಕಿದ್ದೀನಿ. ಆದ್ರೂ ನೋಡ್ಬೇಕು ಅಂತಾರಲ್ಲ, ಏನ್ ನೋಡ್ಬೇಕಂತೆ?"

ಅದನ್ನು ಅವರನ್ನೇ ಕೇಳಿ. "ನಿಮಗೆ ಮುಖ್ಯವಾಗಿ ಏನು ನೋಡಬೇಕಿತ್ತು?" ಅಂತ ಕೇಳಿದರೆ ಸಾಕು. ಮನೆ ನೋಡಬೇಕು ಅನ್ನುವುದರ ಹಿಂದೆ ಬೇರೆಯದೇ ಒಂದು ಚಿಕ್ಕ ಪ್ರಶ್ನೆ ಇರುತ್ತದೆ. ಅದಕ್ಕೆ ಉತ್ತರ ಸಿಕ್ಕರೆ ಬರುವ ಮಾತು ಅಲ್ಲಿಗೇ ನಿಲ್ಲುತ್ತದೆ.

ಒಬ್ಬರು ಮೈಸೂರಿನ ಮನೆ ನೋಡಲೇಬೇಕು ಅಂತ ಹಟ ಹಿಡಿದರು. ಕೇಳಿದಾಗ ಗೊತ್ತಾಯಿತು, ಅವರ ತಂದೆಗೆ ಮಂಡಿ ಆಪರೇಷನ್ ಆಗಿದೆ. ಕಮೋಡ್ ಎಷ್ಟು ಎತ್ತರ ಇದೆ, ಬಾತ್‌ರೂಮಿಗೆ ಇಳಿಯುವ ಹೊಸ್ತಿಲು ಎಷ್ಟು, ಹಿಡಿದುಕೊಳ್ಳಲು ಏನಾದರೂ ಇದೆಯಾ, ಇಷ್ಟೇ ಅವರ ಚಿಂತೆ. ನನ್ನ ಹೆಂಡತಿ ಬಟ್ಟೆ ಹೊಲಿಯುವ ಟೇಪ್ ತಂದು ಕಮೋಡಿನ ಪಕ್ಕ ನಿಲ್ಲಿಸಿ ಹಿಡಿದಳು. ಅಂಕಿ ಕಾಣುವ ಹಾಗೆ ಫೋಟೋ ತೆಗೆದೆ. ಹೊಸ್ತಿಲಿಗೂ ಹಾಗೇ. ಎರಡು ಫೋಟೋ ಕಳಿಸಿದ ಮೇಲೆ ಅವರು ಮನೆ ನೋಡುವ ಮಾತೇ ಎತ್ತಲಿಲ್ಲ. ಬರುವಾಗ ಒಂದು ಪ್ಲಾಸ್ಟಿಕ್ ಸ್ಟೂಲ್ ತಂದರು, ಅಷ್ಟೇ.

ನಮ್ಮ ನಲವತ್ತು ಫೋಟೋದಲ್ಲಿ ಮೂವತ್ತು ಸೂರ್ಯಾಸ್ತ, ಕಾಫಿ ಹೂವು, ಹಾಸಿಗೆ ಮೇಲಿನ ಟವೆಲ್ ಹಂಸ. ಜನ ಹುಡುಕುವುದು ಬೇರೆ. ಗೇಟಿನಿಂದ ಬಾಗಿಲವರೆಗೆ ಎಷ್ಟು ಮೆಟ್ಟಿಲು, ಕಾರು ಎಲ್ಲಿಯವರೆಗೆ ಬರುತ್ತದೆ, ಬಾತ್‌ರೂಮಿನ ನೆಲ ಜಾರುತ್ತದಾ, ಕರೆಂಟ್ ಹೋದರೆ ಯುಪಿಎಸ್ ಯಾವುದಕ್ಕೆಲ್ಲ ಬರುತ್ತದೆ, ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ. ಇವುಗಳ ಫೋಟೋ, ಮಾಹಿತಿ ಹಾಕಿದರೆ ನೋಡಬೇಕು ಅನ್ನುವ ಫೋನ್‌ಗಳು ತಾನಾಗಿ ಕಡಿಮೆಯಾಗುತ್ತವೆ.

"ವಿಡಿಯೋ ಕಾಲ್‌ನಲ್ಲಿ ತೋರಿಸಿದ್ರೆ ಸಾಕಾಗಲ್ವಾ?"

ಹೆಚ್ಚಿನವರಿಗೆ ಸಾಕು. ಆದರೆ ಸರಿಯಾಗಿ ತೋರಿಸಬೇಕು. ರಸ್ತೆಯಿಂದ ಶುರು ಮಾಡಿ. ಗೇಟ್, ಪಾರ್ಕಿಂಗ್, ಮೆಟ್ಟಿಲು, ಹಾಲ್, ರೂಮು, ಬಾತ್‌ರೂಮು ಹೀಗೆ ಗೆಸ್ಟ್ ಬರುವ ದಾರಿಯಲ್ಲೇ ಸಾಗಿ. ಮಧ್ಯೆ ಕಾಲ್ ಕಟ್ ಮಾಡಬೇಡಿ. ಗೀಸರ್ ಆನ್ ಮಾಡಿ, ನಲ್ಲಿ ತಿರುಗಿಸಿ ನೀರಿನ ಜೋರು ತೋರಿಸಿ. ಕಿಟಕಿ ತೆಗೆದು ಒಂದು ನಿಮಿಷ ಸುಮ್ಮನೆ ನಿಲ್ಲಿ, ರಸ್ತೆಯ ಸದ್ದು ಅವರಿಗೂ ಕೇಳಲಿ. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದ್ದರೆ ಅದನ್ನೂ ತೋರಿಸಿ. ಮುಚ್ಚಿಟ್ಟರೆ ರಿವ್ಯೂನಲ್ಲಿ ಬರುತ್ತದೆ.

ತೋಟದ ಮನೆಗಳಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಅಂಥ ಕಡೆ ಇದೇ ಕ್ರಮದಲ್ಲಿ ಒಂದು ವಿಡಿಯೋ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ, ಕೇಳಿದವರಿಗೆ ಕಳಿಸಿ. ಹಿನ್ನೆಲೆ ಸಂಗೀತ ಬೇಡ. ಡ್ರೋನ್ ಶಾಟ್ ಅಂತೂ ಬೇಡವೇ ಬೇಡ. ಮೇಲಿನಿಂದ ಹೆಂಚು ನೋಡಿ ಯಾರೂ ರೂಮು ಬುಕ್ ಮಾಡುವುದಿಲ್ಲ.

## ತೋರಿಸುವುದು ಅಂತ ಆದ ಮೇಲೆ

"ಇರೋ ಗೆಸ್ಟ್ ಹೊರಗಡೆ ಸುತ್ತೋಕೆ ಹೋಗಿದ್ದಾರೆ. ಐದು ನಿಮಿಷ ತೋರಿಸಿಬಿಟ್ರೆ ಏನಾಗುತ್ತೆ?"

ಬೇಡ. ಇದರಲ್ಲಿ ಆದರೆ ಹೋದರೆ ಇಲ್ಲ.

ಅವರು ಮಂಜರಾಬಾದ್ ಕೋಟೆ ನೋಡಲು ಹೋಗಿರಬಹುದು, ಸಂಜೆವರೆಗೆ ಬರದೇ ಇರಬಹುದು. ಆದರೂ ಆ ಎರಡು ದಿನ ಅದು ಅವರ ಮನೆ. ಕುರ್ಚಿ ಮೇಲೆ ಒಗೆದ ಬಟ್ಟೆ, ಮೇಜಿನ ಮೇಲೆ ಮಾತ್ರೆ ಡಬ್ಬಿ, ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪ್ ಇರುತ್ತವೆ. ನಾಳೆ ಒಂದು ಉಂಗುರ ಕಾಣೆಯಾದರೆ ಯಾರ ಮೇಲೆ ಬೆರಳು ತೋರಿಸುತ್ತೀರಿ? ನೋಡಲು ಬಂದವರ ಮೇಲೋ, ಕೆಲಸದವರ ಮೇಲೋ? ಇನ್ನೊಂದು ಮಾತಿದೆ. ಬೇರೆಯವರ ಸಾಮಾನಿನ ನಡುವೆ ನೀವು ಮನೆ ತೋರಿಸಿದರೆ, ನೋಡಲು ಬಂದವರಿಗೂ ಒಂದು ವಿಷಯ ಹೊಳೆಯುತ್ತದೆ. ನಾಳೆ ನಾವಿದ್ದಾಗಲೂ ಹೀಗೇ ಯಾರನ್ನೋ ಒಳಗೆ ಬಿಡುತ್ತಾರೆ ಅಂತ.

"ಹಾಗಾದ್ರೆ ಯಾವಾಗ ತೋರಿಸೋದು? ಚೆಕ್‌ಔಟ್ ಹನ್ನೊಂದಕ್ಕೆ, ಚೆಕ್‌ಇನ್ ಒಂದಕ್ಕೆ. ಮಧ್ಯೆ ಕ್ಲೀನಿಂಗ್!"

ಆ ಎರಡು ಗಂಟೆಯಲ್ಲಿ ತೋರಿಸಬೇಡಿ. ಹಾಸಿಗೆ ಕಿತ್ತು ಹಾಕಿರುತ್ತದೆ, ನೆಲ ಒದ್ದೆ, ಕೆಲಸದವರಿಗೆ ಉಸಿರಾಡಲು ಪುರುಸೊತ್ತಿಲ್ಲ. ಮನೆ ಖಾಲಿ ಇರುವ ದಿನ ತೋರಿಸಿ. ನಮ್ಮ ಕಡೆ ಅದು ಮಂಗಳವಾರ, ಬುಧವಾರ. ಹಗಲು ಹೊತ್ತು, ಮೊದಲೇ ಹೇಳಿಕೊಂಡ ಸಮಯ, ಇಪ್ಪತ್ತು ನಿಮಿಷ. ಬರುವವರ ಹೆಸರು, ಫೋನ್ ನಂಬರ್, ಎಷ್ಟು ಜನ ಅನ್ನುವುದು ಹಿಂದಿನ ದಿನವೇ ಗೊತ್ತಿರಲಿ. ಇಬ್ಬರು ಬಂದರೆ ಸಾಕು.

ದಸರಾ ವಾರ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ, ಉದ್ದ ವೀಕೆಂಡ್‌ಗಳು: ಈ ದಿನಗಳಲ್ಲಿ ಯಾರಿಗೂ ತೋರಿಸುವುದಿಲ್ಲ ಅಂತ ಮೊದಲೇ ಹೇಳಿಬಿಡಿ.

"ನಾನು ಬೆಂಗಳೂರಲ್ಲಿರ್ತೀನಿ. ಕೇರ್‌ಟೇಕರ್ ಒಬ್ರೇ ಇರೋದು. ಅವರ ಹತ್ರ ಬೀಗದ ಕೈ ಇದೆ, ತೋರಿಸ್ತಾರೆ ಬಿಡಿ?"

ಕೇರ್‌ಟೇಕರ್ ಯಾರು ಅನ್ನುವುದರ ಮೇಲಿದೆ. ಎಷ್ಟೋ ಮನೆಗಳಲ್ಲಿ ಹತ್ತಿರದ ಲೈನ್‌ಮನೆಯ (ತೋಟದ ಕೆಲಸದವರ ಸಾಲುಮನೆ) ಹೆಂಗಸೊಬ್ಬರು ಬಂದು ಗುಡಿಸಿ ಒರೆಸಿ ಹೋಗುತ್ತಾರೆ. ಗುರುತಿಲ್ಲದ ಮೂವರು ಗಂಡಸರು ಕಾರಿನಲ್ಲಿ ಬಂದಿಳಿದು "ಓನರ್ ಹೇಳಿದ್ದಾರೆ, ಮನೆ ತೋರಿಸಿ" ಅಂದರೆ ಅವರೊಬ್ಬರೇ ಒಳಗೆ ಹೋಗಬೇಕಾ? ಸಂಬಳ ನೀವು ಕೊಡುತ್ತೀರಿ ಅಂತ ಆ ಭಯವನ್ನೂ ಅವರ ಮೇಲೆ ಹೊರಿಸಬಾರದು. ಇಬ್ಬರು ಇರುವಾಗ ಮಾತ್ರ ತೋರಿಸಲಿ. ಬಂದವರ ಹೆಸರು, ಕಾರಿನ ನಂಬರ್ ನಿಮ್ಮಿಂದ ಮೊದಲೇ ಅವರಿಗೆ ಹೋಗಲಿ. ಅದಿಲ್ಲದೆ ಬಂದವರಿಗೆ ಗೇಟಿನಲ್ಲೇ ಇಲ್ಲ ಅನ್ನುವ ಹಕ್ಕು ಅವರಿಗೆ ಇರಲಿ. ಆ ಹಕ್ಕು ಇದೆ ಅಂತ ಬಾಯಿಬಿಟ್ಟು ಹೇಳಿ. ನೀವು ಹೇಳದಿದ್ದರೆ ಅವರು ಇಲ್ಲ ಅನ್ನುವುದಿಲ್ಲ.

ದರದ ಮಾತು ಅವರ ಹತ್ತಿರ ಬೇಡ. "ಓನರ್‌ಗೆ ಬೇಡ, ನಿಮ್ಮ ಕೈಗೇ ಕೊಡ್ತೀವಿ, ಒಂದು ರಾತ್ರಿ ಬಿಡಿ" ಅನ್ನುವವರು ಇದ್ದೇ ಇರುತ್ತಾರೆ.

"ನಮ್ಮದು ಅಪಾರ್ಟ್‌ಮೆಂಟ್. ಸೆಕ್ಯುರಿಟಿ ದಿನಾ ಕಿರಿಕಿರಿ ಮಾಡ್ತಾನೆ."

ಅವನ ಕೆಲಸ ಅದೇ ಅಲ್ವಾ. ಮೈಗೇಟ್‌ನಂಥ ಆ್ಯಪ್ ಇದ್ದರೆ ಬರುವವರ ಹೆಸರಿಗೆ ಮೊದಲೇ ಪಾಸ್ ಮಾಡಿಡಿ. ಅದಕ್ಕಿಂತ ದೊಡ್ಡ ವಿಷಯ ಅಸೋಸಿಯೇಶನ್. ದಿನಬಾಡಿಗೆಗೆ ಕೊಡುವುದೇ ಬೇಡ ಅನ್ನುವ ಅಸೋಸಿಯೇಶನ್‌ಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಅಂಥ ಕಡೆ ವಾರಕ್ಕೆ ನಾಲ್ಕು ಸಲ ಹೊಸ ಮುಖಗಳು ಲಿಫ್ಟಿನಲ್ಲಿ ಹತ್ತಿ ಇಳಿದರೆ ಮುಂದಿನ ಮೀಟಿಂಗಿನಲ್ಲಿ ನಿಮ್ಮ ಫ್ಲಾಟೇ ಅಜೆಂಡಾ. ಫ್ಲಾಟ್ ಇರುವವರು ವಿಡಿಯೋಗೇ ಅಂಟಿಕೊಳ್ಳುವುದು ವಾಸಿ.

"ನೋಡೋಕೆ ಬಂದವರ ಆಧಾರ್ ಇಸ್ಕೊಳ್ಳಬಹುದಾ?"

ತಂಗುವವರ ಗುರುತಿನ ಚೀಟಿ ನೋಡಿ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುವುದು ಬೇರೆ. ಇಪ್ಪತ್ತು ನಿಮಿಷಕ್ಕೆ ಬಂದು ಹೋಗುವವರ ಆಧಾರ್ ಪ್ರತಿ ನಿಮಗೆ ಯಾಕೆ? ಯಾವುದಾದರೂ ಒಂದು ಐಡಿ ಕಣ್ಣಲ್ಲಿ ನೋಡಿ, ಹೆಸರು ಹೊಂದುತ್ತದಾ ಅಂತ ಗಮನಿಸಿ ವಾಪಸ್ ಕೊಡಿ. ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಇಟ್ಟುಕೊಳ್ಳಬೇಡಿ. ಗೆಸ್ಟ್‌ಗೂ ಒಂದು ಮಾತು: ಕೊಡಲೇಬೇಕು ಅನಿಸಿದರೆ ಮಾಸ್ಕ್ ಮಾಡಿದ ಆಧಾರ್ ಕೊಡಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ವೆಬ್‌ಸೈಟಿನಲ್ಲೇ ಡೌನ್‌ಲೋಡ್ ಮಾಡಿಕೊಳ್ಳಬಹುದು.

"ನೋಡೋಕೆ ಅಂತ ಬಂದು ಫೋಟೋ, ರೀಲ್ಸ್ ಎಲ್ಲಾ ಮಾಡ್ಕೊಂಡು ಹೋಗ್ತಾರೆ. ಬುಕ್ ಮಾತ್ರ ಮಾಡಲ್ಲ."

ನಮ್ಮಲ್ಲೂ ಆಗಿದೆ. ಒಂದು ಕಾರಿನಲ್ಲಿ ಐದು ಜನ ಬಂದರು. ಒಬ್ಬರು ಉಯ್ಯಾಲೆಯಲ್ಲಿ, ಒಬ್ಬರು ಬಾಲ್ಕನಿಯಲ್ಲಿ, ಇನ್ನೊಬ್ಬರು ಬಟ್ಟೆ ಬದಲಾಯಿಸಿಕೊಂಡು ಕಾಫಿ ಗಿಡದ ಮಧ್ಯೆ. ಹೋಗುವಾಗ "ಆಂಟಿ, ಒಂದ್ ರೌಂಡ್ ಕಾಫಿ ಸಿಗುತ್ತಾ?" ಅಂತಲೂ ಕೇಳಿದರು. ಕೊಟ್ಟೆವು. ಮಲೆನಾಡಿನಲ್ಲಿ ಮನೆ ಬಾಗಿಲಿಗೆ ಬಂದವರಿಗೆ ಕಾಫಿ ಇಲ್ಲ ಅನ್ನಲು ನಾಲಿಗೆ ಬರುವುದಿಲ್ಲ.

ಕಾಫಿ ಕೊಡಿ, ಆದರೆ ಸಮಯದ ಗೆರೆ ಎಳೆಯಿರಿ. ಮೊದಲೇ ಒಂದು ಮೆಸೇಜ್ ಹಾಕಿ: ಇಪ್ಪತ್ತು ನಿಮಿಷ, ಇಬ್ಬರು, ನಿಮ್ಮ ನೆನಪಿಗೆ ಬೇಕಾದ ಫೋಟೋ ಸರಿ, ಶೂಟ್ ಬೇಡ. ಇದನ್ನು ಓದಿದ ಮೇಲೆ ರೀಲ್ಸ್‌ನವರು ಬರುವುದೇ ಇಲ್ಲ.

## ಆ್ಯಪ್ ಮತ್ತು ದುಡ್ಡು

"ಏರ್‌ಬಿಎನ್‌ಬಿಯಲ್ಲಿ ಬುಕ್ ಆಗೋ ಮೊದಲೇ ಕರೆದು ತೋರಿಸಬಹುದಾ?"

ದಿನಬಾಡಿಗೆ ಮನೆ ಬುಕ್ ಮಾಡುವ ಆ ಆ್ಯಪ್ ಇರುವ ರೀತಿಯೇ ಅದಕ್ಕೆ ಒಗ್ಗುವುದಿಲ್ಲ. ಬುಕಿಂಗ್ ಖಚಿತ ಆಗುವವರೆಗೆ ಸಾಮಾನ್ಯವಾಗಿ ಮ್ಯಾಪಿನಲ್ಲಿ ಸುಮಾರಿನ ಜಾಗ ಮಾತ್ರ ಕಾಣುತ್ತದೆ, ಮನೆಯ ಪೂರ್ತಿ ವಿಳಾಸ ಅಲ್ಲ. ಮೆಸೇಜಿನಲ್ಲಿ ಫೋನ್ ನಂಬರ್ ಬರೆದರೆ ಮರೆಮಾಚಿಬಿಡುತ್ತದೆ. ಮನೆ ನೋಡಲು ಬಂದವರು ಎದುರಿಗೆ ನಿಂತು "ಆ್ಯಪ್ ಯಾಕೆ, ನಿಮಗೇ ಕ್ಯಾಶ್ ಕೊಡ್ತೀವಿ, ಕಮಿಷನ್ ಉಳಿಯುತ್ತೆ" ಅನ್ನುವುದು ಮಾಮೂಲು. ಅಲ್ಲಿ ಸಿಕ್ಕ ಗೆಸ್ಟ್‌ನಿಂದ ಹೊರಗೆ ದುಡ್ಡು ತೆಗೆದುಕೊಳ್ಳುವುದು ಅವರ ನಿಯಮಕ್ಕೆ ವಿರುದ್ಧ. ಖಾತೆ ಮುಚ್ಚಬಹುದು. ಗೆಸ್ಟ್ ಟಿವಿ ಒಡೆದರೆ ಏರ್‌ಕವರ್ (ಮನೆಗೆ ಆದ ಹಾನಿಗೆ ಏರ್‌ಬಿಎನ್‌ಬಿ ಕೊಡುವ ರಕ್ಷಣೆ) ಅಡಿಯಲ್ಲಿ ಕೇಳಲೂ ಆಗುವುದಿಲ್ಲ. ಅದು ಆ್ಯಪ್ ಮೂಲಕ ಆದ ಬುಕಿಂಗ್‌ಗೆ ಮಾತ್ರ.

ನಿಮ್ಮ ಸ್ವಂತ ನಂಬರಿಗೆ ನೇರವಾಗಿ ಬಂದ ಗೆಸ್ಟ್‌ಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿ ನಿಮ್ಮದೇ ನಿಯಮ. ಎರಡನ್ನೂ ಕಲಸಬೇಡಿ.

"ನೋಡೋಕೆ ಬಿಡಲ್ಲ ಅಂದ್ರೆ ಬುಕಿಂಗ್ ಕೈತಪ್ಪುತ್ತೆ. ಬೇರೆ ದಾರಿ ಇಲ್ವಾ?"

ಇದೆ. ರದ್ದು ಮಾಡುವ ನಿಯಮ ಸಡಿಲ ಇಡಿ. ಏರ್‌ಬಿಎನ್‌ಬಿಯ ಫ್ಲೆಕ್ಸಿಬಲ್ ನಿಯಮದಲ್ಲಿ ಚೆಕ್‌ಇನ್‌ಗೆ 24 ಗಂಟೆ ಮೊದಲಿನವರೆಗೆ ರದ್ದು ಮಾಡಿದರೆ ಪೂರ್ತಿ ದುಡ್ಡು ವಾಪಸ್. ಮಾಡರೇಟ್‌ನಲ್ಲಿ 5 ದಿನ ಮೊದಲು. ಬುಕ್ ಮಾಡಿದ ಮೇಲೆ ವಿಳಾಸ ಸಿಗುತ್ತದೆ, ಫೋನ್ ಸಿಗುತ್ತದೆ. ಊರಿನಲ್ಲೇ ಇರುವ ಗೆಸ್ಟ್ ಆದರೆ ಮನೆ ಖಾಲಿ ಇದ್ದ ದಿನ ಬಂದು ನೋಡಲಿ, ಬೇಡವಾದರೆ ಸಮಯದೊಳಗೆ ರದ್ದು ಮಾಡಲಿ.

ನನಗೆ ಇದೇ ಎಲ್ಲಕ್ಕಿಂತ ಇಷ್ಟ. ದುಡ್ಡು ಇಟ್ಟು ನೋಡಲು ಬರುವವರು ನಿಜವಾಗಿ ತಂಗುವ ಮನಸ್ಸಿನವರೇ ಆಗಿರುತ್ತಾರೆ. ನೇರ ಬುಕಿಂಗ್‌ಗೂ ಇದನ್ನೇ ಮಾಡಿ: ಚಿಕ್ಕ ಅಡ್ವಾನ್ಸ್, ಇಂಥ ದಿನದೊಳಗೆ ಬೇಡ ಅಂದರೆ ಅಷ್ಟೂ ವಾಪಸ್. ಇದನ್ನು ಬರಹದಲ್ಲಿ ಕಳಿಸಿ.

"ತೋರಿಸೋದಕ್ಕೆ ಚಾರ್ಜ್ ಮಾಡಿದ್ರೆ ತಪ್ಪಾ?"

ಮನೆ ತೋರಿಸಲು ದುಡ್ಡು ಕೇಳುವುದು ಬೆಂಗಳೂರಿನ ಕೆಲವು ಬ್ರೋಕರ್‌ಗಳ ಅಭ್ಯಾಸ. ಜನ ಅದಕ್ಕೆ ರೋಸಿ ಹೋಗಿದ್ದಾರೆ. ನೀವು ಆ ಸಾಲಿಗೆ ಸೇರಬೇಡಿ. ಜೀಪ್ ಕಳಿಸಬೇಕಾದ ಜಾಗ ಆದರೆ ಜೀಪಿನ ಬಾಡಿಗೆ ಮಾತ್ರ ಮೊದಲೇ ಹೇಳಿ ತೆಗೆದುಕೊಳ್ಳಿ.

"ನಾನು ಗೆಸ್ಟ್. ಮನೆ ತೋರಿಸೋಕೂ ಮೊದಲೇ ಟೋಕನ್ ಹಾಕಿ ಅಂತಿದ್ದಾರೆ. ಹಾಕ್ಲಾ?"

ನಂಬರ್ ಹೊಸದು, ದರ ಅಕ್ಕಪಕ್ಕದವರ ಅರ್ಧ, "ಈಗಲೇ ಹಾಕದಿದ್ರೆ ಇನ್ನೊಬ್ರು ತಗೋತಾರೆ" ಅನ್ನುವ ಅವಸರ. ಈ ಮೂರೂ ಒಟ್ಟಿಗೆ ಇದ್ದರೆ ಹಾಕಬೇಡಿ. ಬೇರೆಯವರ ಮನೆಯ ಫೋಟೋ ಕದ್ದು ಹಾಕಿ ಅಡ್ವಾನ್ಸ್ ನುಂಗುವವರು ಇದ್ದಾರೆ. ವಿಡಿಯೋ ಕಾಲ್ ಮಾಡಿ, ಗೇಟಿನ ಹೊರಗೆ ಬಂದು ಬೋರ್ಡ್ ತೋರಿಸಿ ಅನ್ನಿ. ಅಸಲಿ ಮನೆಯವರು ಎರಡು ನಿಮಿಷದಲ್ಲಿ ತೋರಿಸುತ್ತಾರೆ. ಹೋಂಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಅಂತ ಕೇಳಿ. ಗೂಗಲ್ ಮ್ಯಾಪಿನಲ್ಲಿರುವ ನಂಬರಿಗೆ ಪ್ರತ್ಯೇಕವಾಗಿ ಫೋನ್ ಮಾಡಿ ತಾಳೆ ನೋಡಿ.

"ನೋಡೋದೇ ಬೇಡ, ಪೂರ್ತಿ ಅಡ್ವಾನ್ಸ್ ಈಗಲೇ ಕಳಿಸ್ತೀನಿ, ಕ್ಯೂಆರ್ ಸ್ಕ್ಯಾನ್ ಮಾಡಿ ಅಂದ. ಇದೇನಿದು?"

ಮೋಸ. ಹೆಚ್ಚಾಗಿ ಸೈನ್ಯದಲ್ಲಿದ್ದೇನೆ, ವರ್ಗ ಆಗಿದೆ ಅಂತ ಪರಿಚಯ ಮಾಡಿಕೊಳ್ಳುತ್ತಾರೆ. ಮನೆಯ ಬಗ್ಗೆ ಒಂದೂ ಪ್ರಶ್ನೆ ಕೇಳುವುದಿಲ್ಲ, ಚೌಕಾಸಿ ಮಾಡುವುದಿಲ್ಲ. ಯುಪಿಐನಲ್ಲಿ ದುಡ್ಡು ಬರಲು ನೀವು ಪಿನ್ ಹಾಕಬೇಕಾಗಿಲ್ಲ. ಪಿನ್ ಕೇಳಿತು ಅಂದರೆ ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತಿದೆ ಅಂತ ಅರ್ಥ. ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಮನೆ ನೋಡಬೇಕು ಅಂತ ನೂರು ಪ್ರಶ್ನೆ ಕೇಳುವ ಗೆಸ್ಟ್ ಮೇಲೆ ಸಿಟ್ಟು ಬಂದಾಗ, ಒಂದೂ ಪ್ರಶ್ನೆ ಕೇಳದ ಈ ಗಿರಾಕಿಯನ್ನು ನೆನೆಸಿಕೊಳ್ಳಿ.

## ಸ್ವಲ್ಪ ಜಟಿಲವಾದವು

"ಎರಡು ತಿಂಗಳಿಗೆ ಬೇಕು ಅಂತಾರೆ. ಅವರಿಗೂ ತೋರಿಸಬಾರದಾ?"

ತೋರಿಸಲೇಬೇಕು. ಎರಡು ತಿಂಗಳು ಅಂದರೆ ಅವರು ಅಲ್ಲಿ ಅಡುಗೆ ಮಾಡುತ್ತಾರೆ, ಬಟ್ಟೆ ಒಗೆಯುತ್ತಾರೆ, ಆಫೀಸಿನ ಕೆಲಸ ಮಾಡುತ್ತಾರೆ. ಆಸ್ಪತ್ರೆಗೆ ಓಡಾಡುವ ರೋಗಿಯ ಕಡೆಯವರಾದರೆ ಇನ್ನೂ ಸೂಕ್ಷ್ಮ. ಕುಕ್ಕರ್ ಎಷ್ಟು ಲೀಟರಿನದು, ಗ್ಯಾಸ್ ಯಾರ ಲೆಕ್ಕ, ಹತ್ತಿರದಲ್ಲಿ ಮೆಡಿಕಲ್ ಶಾಪ್ ಇದೆಯಾ, ರಾತ್ರಿ ಆಟೋ ಸಿಗುತ್ತದಾ? ಇವೆಲ್ಲ ಒಮ್ಮೆ ಬಂದು ನಿಂತು ನೋಡಿದರೇ ಗೊತ್ತಾಗುವುದು. ನೀವೂ ಅವರನ್ನು ನೋಡಿದ ಹಾಗಾಯಿತು.

ಏರ್‌ಬಿಎನ್‌ಬಿಯಲ್ಲಿ 28 ರಾತ್ರಿ ಅಥವಾ ಅದಕ್ಕಿಂತ ಜಾಸ್ತಿ ಆದರೆ ದೀರ್ಘ ವಾಸ್ತವ್ಯದ ಬೇರೆ ರದ್ದತಿ ನಿಯಮ ಬರುತ್ತದೆ. ಆವಾಗ ಕೊನೇ ಗಳಿಗೆಯಲ್ಲಿ ಬೇಡ ಅಂದರೆ ಗೆಸ್ಟ್‌ಗೆ ದೊಡ್ಡ ಹೊಡೆತ. ಹಾಗಾಗಿ ಅವರು ಮೊದಲೇ ನೋಡಬೇಕು ಅನ್ನುವುದು ನ್ಯಾಯ. ನೇರವಾಗಿ ಕೊಡುವುದಾದರೆ ತಿಂಗಳ ಲೆಕ್ಕದ ವಾಸಕ್ಕೆ ಒಂದು ಒಪ್ಪಂದ ಪತ್ರ ಬೇಕೇ ಬೇಕು. ಬರೀ ವಾಟ್ಸ್‌ಆ್ಯಪ್ ನಂಬಿ ಕೊಡಬೇಡಿ. ಒಪ್ಪಂದದಲ್ಲಿ ಹೋಗುವ ತಾರೀಖು ಸ್ಪಷ್ಟ ಇರಲಿ.

"ಮಗ ನ್ಯೂಜೆರ್ಸಿಯಲ್ಲಿ, ಡಿಸೆಂಬರ್‌ಗೆ ಒಂದು ತಿಂಗಳು ಇರೋಕೆ ಬರ್ತಾನೆ. ನಮಗೆ ಮನೆ ನೋಡ್ಕೊಂಡ್ ಬನ್ನಿ ಅಂದಿದ್ದಾನೆ ಅಂತ ಅವರ ತಂದೆ ತಾಯಿ ಬಂದ್ರು."

ಮೈಸೂರಿನಲ್ಲಿ ಇದು ಪ್ರತಿ ವರ್ಷದ ಕಥೆ. ನೋಡುವವರು ಒಬ್ಬರು, ಇರುವವರು ಇನ್ನೊಬ್ಬರು. ತಂದೆ ನೋಡುವುದು ದಿಕ್ಕು, ನೀರು, ದೇವರಿಗೆ ದೀಪ ಹಚ್ಚಲು ಜಾಗ. ಮಗನಿಗೆ ಬೇಕಾದದ್ದು ವೈಫೈ ಸ್ಪೀಡು. ಸೊಸೆಗೆ ಬಾತ್‌ರೂಮು, ವಾಷಿಂಗ್ ಮೆಷಿನ್ನು. ಹಿರಿಯರು ಪೂರ್ತಿ ಒಪ್ಪಿ, ಕಾಫಿ ಕುಡಿದು ಹೋದ ಮೇಲೆ ರಾತ್ರಿ ಅಲ್ಲಿಂದ ಮೆಸೇಜು: "ಅಂಕಲ್, ಸ್ಟಡಿ ಟೇಬಲ್ ಇದೆಯಾ?"

ಹಿರಿಯರು ಬಂದಾಗಲೇ ಮಗನನ್ನು ವಿಡಿಯೋ ಕಾಲಿಗೆ ಸೇರಿಸಿಕೊಳ್ಳಿ. ಚಳಿಗಾಲದಲ್ಲಿ ನ್ಯೂಜೆರ್ಸಿ ನಮಗಿಂತ ಹತ್ತೂವರೆ ಗಂಟೆ ಹಿಂದೆ. ನಮ್ಮ ಸಂಜೆ ಐದೂವರೆ ಅಂದರೆ ಅಲ್ಲಿ ಬೆಳಿಗ್ಗೆ ಏಳು, ಸರಿಹೊಂದುತ್ತದೆ. ಕೊನೆಯ ಮಾತು, ದುಡ್ಡಿನ ಮಾತು ಎರಡೂ ಬುಕ್ ಮಾಡುವವರ ಜೊತೆಗೇ ಇರಲಿ. ಬರುವವರು ವಿದೇಶಿ ಪಾಸ್‌ಪೋರ್ಟಿನವರಾದರೆ, ಒಸಿಐ (ಸಾಗರೋತ್ತರ ಭಾರತೀಯರ ಕಾರ್ಡ್) ಇದ್ದರೂ, ತಂಗಿದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕಾಗುತ್ತದೆ. ಜನ ಅದನ್ನು ಸಿ ಫಾರಂ ಅಂತ ಕರೆಯುತ್ತಾರೆ. ನೋಡಲು ಬಂದು ಹೋಗುವುದಕ್ಕೆ ಅದು ಬೇಕಿಲ್ಲ, ಆದರೆ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಈಗಲೇ ಕೇಳಿಟ್ಟುಕೊಳ್ಳಿ.

"ಮದುವೆ ದಿಬ್ಬಣಕ್ಕೆ ಇಡೀ ಮನೆ ಬೇಕಂತೆ. ನೋಡೋಕೆ ಹನ್ನೆರಡು ಜನ ಬರ್ತಾರಂತೆ!"

ಬರಲಿ ಬಿಡಿ. ಮದುವೆ ವಿಷಯದಲ್ಲಿ ಸೋದರಮಾವ ನೋಡದೆ ಯಾವುದೂ ಪಕ್ಕಾ ಆಗುವುದಿಲ್ಲ. ಆದರೆ ಅವರು ನೋಡುವುದನ್ನಷ್ಟೇ ತೋರಿಸಿ ಸುಮ್ಮನಿರಬೇಡಿ. ನೀವು ಹೇಳಬೇಕಾದದ್ದನ್ನೂ ಅಲ್ಲೇ ನಿಂತು ಹೇಳಿ. ಎಷ್ಟು ಹಾಸಿಗೆ ಇದೆ, ಹೆಚ್ಚುವರಿ ಚಾಪೆ ಎಷ್ಟು, ಬೆಳಗಿನ ಜಾವದ ಮುಹೂರ್ತಕ್ಕೆ ನಲವತ್ತು ಜನ ಒಟ್ಟಿಗೆ ಸ್ನಾನಕ್ಕೆ ನಿಂತರೆ ಟ್ಯಾಂಕಿನ ನೀರು ಎಷ್ಟು ಹೊತ್ತು ಬರುತ್ತದೆ, ಬಸ್ಸು ಎಲ್ಲಿ ತಿರುಗುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ಅದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ, ನಿಮ್ಮ ಜಿಪುಣತನ ಅಲ್ಲ ಅಂತ ತಿಳಿಸಿ.

ಯಾರ ಹತ್ತಿರ ಮಾತಾಡಬೇಕು ಅಂತ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ಹನ್ನೆರಡು ಜನಕ್ಕೂ ಉತ್ತರ ಕೊಡುತ್ತಾ ಹೋದರೆ ಹನ್ನೆರಡು ದರ ಆಗುತ್ತದೆ.

"ಸಿನಿಮಾದವರು ಲೊಕೇಶನ್ ನೋಡ್ಬೇಕು ಅಂದ್ರು."

ಅದು ತಂಗುವ ಬುಕಿಂಗ್ ಅಲ್ಲ. ದರ, ಕರಾರು, ಡಿಪಾಸಿಟ್ ಎಲ್ಲಾ ಬೇರೆ. ತೋರಿಸಿ, ಆದರೆ ಹೋಂಸ್ಟೇ ದರದ ಲೆಕ್ಕದಲ್ಲಿ ಮಾತಾಡಬೇಡಿ.

"ಒಳಗೆ ಕ್ಯಾಮೆರಾ ಇಲ್ಲ ಅಂತ ನೋಡಿ ಖಾತ್ರಿ ಮಾಡ್ಕೋಬೇಕು ಅಂದ್ಲು ಒಬ್ಳು ಹುಡುಗಿ. ನಂಗೆ ಅವಮಾನ ಆದ ಹಾಗಾಯ್ತು."

ಅವಮಾನ ಅಂದುಕೊಳ್ಳಬೇಡಿ. ಒಂಟಿಯಾಗಿ ಓಡಾಡುವ ಹೆಣ್ಣುಮಕ್ಕಳಿಗೆ ಈ ಭಯ ಸುಮ್ಮನೆ ಬಂದದ್ದಲ್ಲ. ಏರ್‌ಬಿಎನ್‌ಬಿ 2024ರ ಏಪ್ರಿಲ್ 30ರಿಂದ ಮನೆಯ ಒಳಗೆ ಕ್ಯಾಮೆರಾ ಇಡುವುದನ್ನು ಪ್ರಪಂಚದಾದ್ಯಂತ ನಿಲ್ಲಿಸಿದೆ. ಹೊರಗೆ ಇದ್ದರೆ ಎಲ್ಲಿದೆ ಅಂತ ಮೊದಲೇ ತಿಳಿಸಬೇಕು. ನಮ್ಮ ಕಾನೂನಿನಲ್ಲೂ ಕದ್ದು ಚಿತ್ರ ತೆಗೆಯುವುದು ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಂ ಇದೆ, ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಇದೆ.

ಆದರೆ ಇದಕ್ಕೆ ಮೊದಲೇ ಬಂದು ನೋಡುವುದರಿಂದ ಪ್ರಯೋಜನ ಕಡಿಮೆ. ಇವತ್ತು ಇಲ್ಲದ್ದು ನಾಳೆ ಬರಬಹುದಲ್ಲ. "ಚೆಕ್‌ಇನ್ ಆದಾಗ ನಿಮಗೆ ಬೇಕಾದ ಹಾಗೆ ಹುಡುಕಿ ನೋಡಿ, ಬಲ್ಬು, ಗಡಿಯಾರ, ಪ್ಲಗ್ ಎಲ್ಲಾ. ಅನುಮಾನ ಬಂದರೆ ಪೂರ್ತಿ ದುಡ್ಡು ವಾಪಸ್ ಕೊಡುತ್ತೇನೆ" ಅಂತ ಬರೆದು ಕೊಡಿ. ಹಾಗೆ ಬರೆದು ಕೊಟ್ಟಾಗ ಬೇಡ ಅಂದ ಗೆಸ್ಟ್‌ನ ನಾನು ನೋಡಿಲ್ಲ.

"ನೋಡೋಕೆ ಬಂದಾಗ ಜನ ಹೇಗಿದ್ದಾರೆ ಅಂತ ನಮಗೂ ಗೊತ್ತಾಗುತ್ತಲ್ವಾ? ಸರಿ ಅನ್ನಿಸದಿದ್ರೆ ಬೇಡ ಅನ್ನಬಹುದು."

ಇದನ್ನು ಕೇಳುವವರು ನಿಜವಾಗಿ ಏನು ಕೇಳುತ್ತಿದ್ದಾರೆ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಹೆಸರು ಕೇಳಿ ಜಾತಿ ಹುಡುಕುವುದು, ಊಟದ ಬಗ್ಗೆ ಕೇಳಿ ಧರ್ಮ ಹುಡುಕುವುದು, ತಾಳಿ ಇದೆಯಾ ಅಂತ ನೋಡುವುದು. ಮನೆ ತೋರಿಸುವ ನೆಪದಲ್ಲಿ ಮನುಷ್ಯರನ್ನು ಸೋಸುವ ಕೆಲಸ ಇದು. ನನಗೆ ಒಪ್ಪಿಗೆ ಇಲ್ಲ. ಏರ್‌ಬಿಎನ್‌ಬಿಯಲ್ಲಂತೂ ತಾರತಮ್ಯ ಮಾಡುವುದು ನಿಯಮದ ಪ್ರಕಾರವೇ ತಪ್ಪು.

ಕುಡಿದು ಬಂದು ಗಲಾಟೆ ಮಾಡಿದರೆ, ಕೆಲಸದವರ ಹತ್ತಿರ ಒರಟಾಗಿ ನಡೆದುಕೊಂಡರೆ, ಆರು ಜನ ಅಂತ ಹೇಳಿ ಹದಿನೈದು ಜನದ ಪಾರ್ಟಿ ಅಂತ ಬಾಯಿ ತಪ್ಪಿ ಹೇಳಿದರೆ ಬೇಡ ಅನ್ನಿ, ಕಾರಣವನ್ನೂ ಹೇಳಿ. ನಡತೆ ನೋಡಿ ಬೇಡ ಅನ್ನುವುದು ಬೇರೆ. ಯಾರಿಗೆ ತೋರಿಸುತ್ತೀರಿ, ಯಾರಿಗೆ ಇಲ್ಲ ಅನ್ನುವ ನಿಯಮವೂ ಎಲ್ಲರಿಗೂ ಒಂದೇ ಇರಲಿ. ಒಬ್ಬರಿಗೆ "ಬನ್ನಿ ಬನ್ನಿ", ಇನ್ನೊಬ್ಬರಿಗೆ ಹೆಸರು ಕೇಳಿದ ಮೇಲೆ "ಮನೆ ಖಾಲಿ ಇಲ್ಲ" ಅಂದರೆ ಜನಕ್ಕೆ ಅರ್ಥ ಆಗುತ್ತದೆ.

"ಫೆಬ್ರವರಿಯಲ್ಲಿ ಬಂದು ನೋಡಿ ಇಷ್ಟಪಟ್ಟು ಜುಲೈಗೆ ಬುಕ್ ಮಾಡಿದ್ರು. ಈಗ ನೋಡಿದ್ದು ಒಂದು, ಇರೋದು ಒಂದು ಅಂತ ಜಗಳ."

ಮಲೆನಾಡಿನವರಿಗೆ ಇದು ಗೊತ್ತಿರುವ ಕಷ್ಟ. ಫೆಬ್ರವರಿಯಲ್ಲಿ ಕಾಫಿ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ, ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಬಿಸಿಲು ಚೆನ್ನಾಗಿರುತ್ತದೆ, ಕಾರು ಬಾಗಿಲವರೆಗೆ ಬರುತ್ತದೆ. ಜುಲೈನಲ್ಲಿ ಅದೇ ದಾರಿ ಕೆಸರು, ಇಂಬಳ ಕಾಲಿಗೆ ಹತ್ತುತ್ತದೆ, ಮರ ಬಿದ್ದರೆ ಕರೆಂಟ್ ಎರಡು ದಿನ ಇರುವುದಿಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ. ಫೋಟೋ ನೋಡಿ ಬಂದವರಿಗಿಂತ ಕಣ್ಣಾರೆ ನೋಡಿ ಬಂದವರಿಗೆ ಇಂಥ ಕಡೆ ಸಿಟ್ಟು ಜಾಸ್ತಿ. ತಾವೇ ನೋಡಿದ್ದೆವಲ್ಲ ಅನ್ನುವ ನಂಬಿಕೆ ಇರುತ್ತದೆ.

ತೋರಿಸುವಾಗಲೇ ಯಾವ ತಿಂಗಳಿಗೆ ಬರುತ್ತೀರಿ ಅಂತ ಕೇಳಿ. ಆ ತಿಂಗಳಿನ ವಿಡಿಯೋ ಇದ್ದರೆ ತೋರಿಸಿ. ಅವರು ಹೋದ ಮೇಲೆ ಒಂದು ಮೆಸೇಜ್ ಕಳಿಸಿ. ನಾವು ಕಳಿಸುವುದು ಹೀಗಿರುತ್ತದೆ: "ಇವತ್ತು ನಿಮಗೆ ಎರಡು ರೂಮು, ಹಾಲ್, ಅಡುಗೆ ಮನೆ ತೋರಿಸಿದ್ದೇವೆ. ನೀವು ಬರುವ ಜುಲೈನಲ್ಲಿ ಕಾರು ಕೆಳಗಿನ ಗೇಟಿನವರೆಗೆ ಮಾತ್ರ ಬರುತ್ತದೆ, ಅಲ್ಲಿಂದ ನಮ್ಮ ಜೀಪು. ಕರೆಂಟ್ ಹೋದರೆ ಯುಪಿಎಸ್ ಲೈಟು, ಫ್ಯಾನಿಗೆ ಮಾತ್ರ. ಬಿಸಿನೀರು ಸೌದೆ ಒಲೆಯದ್ದು, ಬಕೆಟ್‌ನಲ್ಲಿ ತಂದು ಕೊಡುತ್ತೇವೆ. ಇಂಬಳ ಇರುತ್ತದೆ, ಉಪ್ಪು, ಸುಣ್ಣ ಇಟ್ಟಿರುತ್ತೇವೆ. ಒಪ್ಪಿಗೆ ಇದ್ದರೆ ಅಡ್ವಾನ್ಸ್ ಹಾಕಿ." ಇದನ್ನು ಓದಿಯೂ ದುಡ್ಡು ಹಾಕುವವರು ಮಳೆ ಇಷ್ಟಪಡುವವರೇ ಆಗಿರುತ್ತಾರೆ.